ತೊಟ್ಟಿಲಿನ ಕಾವಲು

ಮಾರ್ಚ್ 3, ಸೋಮವಾರ

ಬಟ್ಟೆ ಒಣಹಾಕಿ ಬರುವಷ್ಟರಲ್ಲಿ ನಾನು ಬರೆದ ಕೋಡಿನ ಟೆಸ್ಟುಗಳು ಮುಗಿದಿದ್ದವು. ಎಲ್ಲ ಹಸಿರು. ತಪ್ಪಿದ್ದರೆ ಕೆಂಪು ಬರಬೇಕು. ನಂಬಿಕೆ ಬರಲಿಲ್ಲ. ಇನ್ನೊಮ್ಮೆ ಓಡಿಸಿ, ಅಷ್ಟರಲ್ಲಿ ಮಗಳ ಊಟದ ಡಬ್ಬಿ ತೊಳೆದಿಟ್ಟೆ. ಮತ್ತೂ ಹಸಿರು.

ಮಧ್ಯಾಹ್ನ ತಾತನ ಮೇಲ್. ‘ಚೊಕ್ಕವಾಗಿದೆ. ಸೇರಿಸಿದ್ದೇನೆ.’ ಅಷ್ಟೇ. ಅವರು ಹೊಗಳಿದರೆ ಅಷ್ಟೇ. ಮುಖ ನೋಡಿದ್ದಿಲ್ಲ, ಯಾವ ದೇಶದವರೋ ತಿಳಿಯದು. ಬರೆಯುವ ಧಾಟಿ ನೋಡಿ ವಯಸ್ಸಾದವರೆಂದು ನಾನೇ ಇಟ್ಟುಕೊಂಡ ಹೆಸರು. ಎಲ್ಲೆಲ್ಲಿನವರೋ ಕೂಡಿ ಬಿಟ್ಟಿಯಾಗಿ ಬರೆಯುವ ಈ ಎಮ್ಯುಲೇಟರಿನಲ್ಲಿ ಯಾರು ಏನು ತಿದ್ದಿದರೂ ತಾತನ ಕಣ್ಣು ದಾಟಿಯೇ ಹೋಗಬೇಕು.

ಎಮ್ಯುಲೇಟರ್ ಅಂದರೇನು ಎಂದು ನಮ್ಮ ಯಜಮಾನರಿಗೆ ಹಿಂದೊಮ್ಮೆ ವಿವರಿಸಿದ್ದೆ. ಹಳೆಯ ಕಂಪ್ಯೂಟರ್ ಕೆಟ್ಟುಹೋಗಿರುತ್ತದೆ, ಅದರ ಪ್ರೋಗ್ರಾಂ ಮಾತ್ರ ಉಳಿದಿರುತ್ತದೆ. ಆ ಪ್ರೋಗ್ರಾಮನ್ನು ಹೊಸ ಕಂಪ್ಯೂಟರಿನಲ್ಲಿ, ಹಳೆಯದರಲ್ಲೇ ಇದ್ದೇನೆ ಎಂದು ನಂಬಿಸಿ ನಡೆಸುವ ಸಾಫ್ಟ್‌ವೇರ್. ಇವರು ಬೇಕರಿಯ ಪಾಳಿ ಮುಗಿಸಿ ಬಂದವರು, ಅರೆಗಣ್ಣಿನಲ್ಲೇ ಅಂದರು — ‘ಅಂದ್ರೆ, ಸತ್ತಿದ್ದೀನಿ ಅಂತ ಅದಕ್ಕೆ ಗೊತ್ತಾಗ್ಬಾರ್ದು. ಅಷ್ಟೇ ತಾನೆ?’ ಇದಕ್ಕಿಂತ ಚೆನ್ನಾಗಿ ನಾನೂ ಹೇಳಲಾರೆ.

ನನ್ನ ಪಾಲು ಟೈಮರ್. ಹಳೆಯ ಯಂತ್ರಗಳಲ್ಲಿ ಒಂದು ಸಂಖ್ಯೆಯಿಂದ ಕೆಳಮುಖವಾಗಿ ಎಣಿಸುತ್ತ ಬಂದು, ಸೊನ್ನೆ ಮುಟ್ಟಿದಾಗ ಗಂಟೆ ಬಾರಿಸುವ ಎಲೆಕ್ಟ್ರಾನಿಕ್ ಚಿಪ್ ಇರುತ್ತದೆ. ನಾವು ಅದನ್ನು ನಟಿಸಬೇಕು. ಹೊಸ ಕಂಪ್ಯೂಟರಿಗೆ ಬೇರೆ ಕೆಲಸ ಬಂದರೆ ನಟನೆ ತಡವಾಗುತ್ತಿತ್ತು. ತಪ್ಪಿಹೋದ ಗಂಟೆಗಳೆಲ್ಲ ಆಮೇಲೆ ಒಟ್ಟಿಗೇ ಬಡಿದುಕೊಳ್ಳುತ್ತಿದ್ದವು. ನಮ್ಮ ಆಫೀಸಿನ ಹಳೆ ಕಸೂತಿ ಯಂತ್ರಗಳು ಆಗ ಒಂದೇ ಕಡೆ ಹತ್ತಾರು ಹೊಲಿಗೆ ಹಾಕಿ ಬಟ್ಟೆ ಕೆಡಿಸುತ್ತಿದ್ದವು. ಅದಕ್ಕೇ ನಾನು ಇದಕ್ಕೆ ಕೈಹಾಕಿದ್ದು. ಇನ್ನು ಹಾಗಾಗದು. ಪ್ರೋಗ್ರಾಂ ಹೊಸ ಸಂಖ್ಯೆ ಬರೆದರೆ ಅಲ್ಲಿಂದಲೇ ಹೊಸ ಎಣಿಕೆ. ಕೋಡು ಅರ್ಧಕ್ಕರ್ಧ ಇಳಿದಿದೆ. ಮತ್ತೆ ಮತ್ತೆ ತೆರೆದು ನೋಡುತ್ತೇನೆ, ಹೊಸ ಸೀರೆ ನೋಡಿದ ಹಾಗೆ.

ಮಾರ್ಚ್ 5

ಎಮ್ಯುಲೇಟರಿನ ಹೊಸ ಆವೃತ್ತಿ ಹೊರಬಿತ್ತು. ಅಣ್ಣ ಫೋನ್ ಮಾಡಿ, ಬಂತಾ ಎಂದು ಕೇಳಿದ. ಬಂತು ಎಂದೆ. ಅವನಿಗೇಕೆ ಬೇಕು? ಕೇಳಲಿಲ್ಲ. ತಂಗಿಯ ಕೆಲಸದ ಬಗ್ಗೆ ಅಭಿಮಾನ ಅಂದುಕೊಂಡೆ.

ಮಾರ್ಚ್ 9, ಭಾನುವಾರ. ಸಂಜೆ

ಬಂದವಳೇ ಪುಸ್ತಕ ತೆಗೆದೆ.

ಅಣ್ಣನ ಮನೆಯಲ್ಲಿ ಊಟ. ಅಣ್ಣ ನದಿಯ ಮೇಲಿನ ರೋಪ್‌ವೇಯಲ್ಲಿ ಎಲೆಕ್ಟ್ರಿಷಿಯನ್. ಅತ್ತಿಗೆ ಅಲ್ಲೇ ಟಿಕೆಟ್ ಕಿಟಕಿಯಲ್ಲಿ ಕೂರುತ್ತಾಳೆ. ಊರಿನವರೆಲ್ಲ ಅದನ್ನು ತೊಟ್ಟಿಲು ಎನ್ನುತ್ತಾರೆ. ಆಸ್ಪತ್ರೆ, ಮಾರುಕಟ್ಟೆ ಈ ದಡ. ಶಾಲೆ, ಗಿರಣಿ ಆ ದಡ. ನನ್ನ ಮಗಳೂ ದಿನಾ ಅದರಲ್ಲೇ.

ಬಡಿಸುತ್ತ ಅತ್ತಿಗೆ ಅಂದಳು, ಗುರುವಾರದಿಂದ ತೊಟ್ಟಿಲು ಒಂದು ಸಲವೂ ಜಗ್ಗಿ ನಿಂತಿಲ್ಲ, ಬೈಗುಳ ಕೇಳದೆ ಕಿವಿ ತಂಪಾಗಿದೆ ಎಂದು. ಅಣ್ಣ ನನ್ನನ್ನು ನೋಡಿ ನಕ್ಕ.

‘ಎಲ್ಲ ನಿನ್ನ ದಯೆ.’

ನನಗೆ ಅರ್ಥವಾಗಲಿಲ್ಲ. ಕೈತೊಳೆದು ಹಿತ್ತಲಿಗೆ ಬಂದ ಮೇಲೆ ಹೇಳಿದ. ಹೋದ ವರ್ಷ ಸಿಡಿಲಿಗೆ ತೊಟ್ಟಿಲಿನ ಕಂಟ್ರೋಲ್ ಕಂಪ್ಯೂಟರ್ ಸುಟ್ಟಿತ್ತಂತೆ. ಮಾಡಿದ ಕಂಪನಿಯೇ ಈಗಿಲ್ಲ. ಹೇಗಾದರೂ ಮಾಡು ಎಂದರಂತೆ ಮ್ಯಾನೇಜರ್. ಕಸೂತಿ ಯಂತ್ರವನ್ನು ನಾನು ಬದುಕಿಸಿದ್ದು ಅವನಿಗೆ ಗೊತ್ತಿತ್ತಲ್ಲ — ಸುಡದೆ ಉಳಿದಿದ್ದ ಪ್ರೋಗ್ರಾಂ ನಕಲು ಮಾಡಿ, ಒಂದು ಮಾಮೂಲಿ ಕಂಪ್ಯೂಟರಿನಲ್ಲಿ ನಮ್ಮ ಎಮ್ಯುಲೇಟರ್ ಹಾಕಿ, ತಂತಿ ಜೋಡಿಸಿದ್ದಾನೆ. ಮ್ಯಾನೇಜರಿಗೆ ‘ರಿಪೇರಿ ಆಯ್ತು’ ಎಂದಿದ್ದಾನೆ. ಅವರು ಒಳಗೆ ಬಂದು ನೋಡಲೂ ಇಲ್ಲ.

ಆವತ್ತಿನಿಂದ ಸುಮ್ಮಸುಮ್ಮನೆ ಬ್ರೇಕ್ ಬಿದ್ದು ಜಗ್ಗುತ್ತಿತ್ತು. ಗುರುವಾರ ಹೊಸ ಆವೃತ್ತಿ ಹಾಕಿದ. ಜಗ್ಗುವುದು ನಿಂತಿತು.

ಇದು ಆಟಕ್ಕೆ ಬರೆದದ್ದು, ಹೆಚ್ಚೆಂದರೆ ಕಸೂತಿಗೆ. ಯಾವ ಖಾತರಿಯೂ ಇಲ್ಲ ಎಂದು ಅದರ ತಲೆಯ ಮೇಲೇ ದಪ್ಪಕ್ಷರದಲ್ಲಿ ಬರೆದಿದೆಯಲ್ಲ ಎಂದೆ. ಬಸ್ ಟಿಕೆಟಿನ ಹಿಂದೆಯೂ ಹಾಗೇ ಬರೆದಿರುತ್ತದೆ ಎಂದ. ಆಮೇಲೆ, ತೀರಾ ಸಾಮಾನ್ಯವಾಗಿ —

‘ನೀನು ಬರ್ದಿದ್ದು ಅನ್ನೋ ಧೈರ್ಯದ ಮೇಲೇ ಹಾಕ್ದೆ ಕಣೇ.’

ಅಲ್ಲಿಂದ ಹೇಗೆ ಎದ್ದುಬಂದೆನೋ.

ಮಾರ್ಚ್ 10

ಆಫೀಸಿಗೆ ಹೋಗುವ ಮೊದಲು ದಡದಲ್ಲಿ ನಿಂತೆ. ಇಷ್ಟು ವರ್ಷದಲ್ಲಿ ತೊಟ್ಟಿಲನ್ನು ಹೀಗೆ ನೋಡಿಯೇ ಇರಲಿಲ್ಲ. ಬೆರಳು ಗಾತ್ರದ ಉಕ್ಕಿನ ಹಗ್ಗ. ಅದಕ್ಕೆ ತೂಗುಬಿದ್ದ ಡಬ್ಬಿಗಳು. ಡಬ್ಬಿಗಳೊಳಗೆ ತಲೆಗಳು. ಕೆಳಗೆ ಕಂದು ನೀರು.

ಮಗಳಿಗೆ ನಾಳೆಯಿಂದ ಸೇತುವೆ ಸುತ್ತಿಕೊಂಡು ಬಸ್ಸಿನಲ್ಲಿ ಹೋಗು ಎಂದೆ. ಯಾಕೆ ಎಂದಳು. ಸುಮ್ಮನೆ ಎಂದೆ. ಗೆಳತಿಯರೆಲ್ಲ ತೊಟ್ಟಿಲಲ್ಲಿ, ನಾನೊಬ್ಬಳೇ ಬಸ್ಸಿಗೆ ಜೋತು ಬೀಳಬೇಕಾ ಎಂದು ಮುಖ ಊದಿಸಿಕೊಂಡಳು. ಬಾಯಿ ಬಿಡಲಾರೆ. ಅಣ್ಣನ ಕೆಲಸ ಹೋಗುತ್ತದೆ. ಕೆಲಸವಷ್ಟೇ ಅಲ್ಲ, ಪೊಲೀಸರೂ ಬರಬಹುದು.

ಇವಳ ಗೆಳತಿಯರು? ಅವರ ತಾಯಂದಿರಿಗೆ ಹೇಳುವವರು ಯಾರು?

ಜಗ್ಗುವುದು ಯಾಕೆ ನಿಂತಿತು — ಅದು ತಲೆಯಿಂದ ಹೋಗುತ್ತಿಲ್ಲ. ಸರಿಯಾಗಿ ನಿಂತಿದೆಯಾ? ಅಣ್ಣನಿಂದ ಪ್ರೋಗ್ರಾಮಿನ ನಕಲು ತರಿಸಿಕೊಂಡಿದ್ದೇನೆ. ನಾಳೆ ಆಫೀಸಿನಲ್ಲಿ ಕಸೂತಿಯವರು ಊಟಕ್ಕೆ ಹೋದಾಗ ನೋಡಬೇಕು.

ಮಾರ್ಚ್ 11

ಬರೆದುಬಿಡುತ್ತೇನೆ. ಬರೆದರೆ ಎದೆ ಸ್ವಲ್ಪ ಹಗುರಾದೀತು.

ತೊಟ್ಟಿಲಿನ ದೊಡ್ಡ ಚಕ್ರದ ಬಳಿ ಒಂದು ಸೆನ್ಸರ್ ಇದೆ. ಚಕ್ರ ಇಷ್ಟು ವೇಗದಲ್ಲಿ ತಿರುಗುತ್ತಿದೆ ಎಂದು ಅದು ಪ್ರೋಗ್ರಾಮಿಗೆ ಹೇಳುತ್ತಲೇ ಇರುತ್ತದೆ. ಹೇಳಿದಾಗಲೆಲ್ಲ ಕಾವಲಿಗಿಟ್ಟ ಒಂದು ಟೈಮರ್ ಮೊದಲಿನಿಂದ ಎಣಿಸುತ್ತದೆ. ಸೆನ್ಸರ್ ಸುಮ್ಮನಾದರೆ? ಎಣಿಕೆ ಸೊನ್ನೆ ಮುಟ್ಟುತ್ತದೆ, ಬ್ರೇಕ್ ಬೀಳುತ್ತದೆ. ವೇಗ ತಿಳಿಯದೆ ಜನರನ್ನು ಹೊತ್ತು ಓಡಬಾರದಲ್ಲ. ಬರೆದ ಪುಣ್ಯಾತ್ಮರು ಒಳ್ಳೆಯ ಯೋಚನೆಯನ್ನೇ ಮಾಡಿದ್ದರು.

ನನ್ನ ಮೇಜಿನ ಮೇಲೆ ಚಕ್ರವಿಲ್ಲ. ಸುಳ್ಳು ಸಂಕೇತ ಕಳಿಸಿದೆ. ಸ್ವಲ್ಪ ಹೊತ್ತು ನಡೆಸಿ ಸಂಕೇತ ನಿಲ್ಲಿಸಿದೆ. ಬ್ರೇಕ್ ಬೀಳಬೇಕು.

ಬೀಳಲಿಲ್ಲ.

ಕಾದೆ. ಟೀ ತಂದುಕೊಂಡೆ. ಟೀ ಮುಗಿಯಿತು. ಬೀಳಲಿಲ್ಲ. ಕಾವಲು ಟೈಮರಿನ ಎಣಿಕೆಯನ್ನೇ ಪರದೆಯ ಮೇಲೆ ತೆರೆದು ನೋಡಿದೆ. ಇಳಿಯುತ್ತಿದೆ, ಇಳಿಯುತ್ತಿದೆ... ಇನ್ನೇನು ಮುಗಿಯಿತು ಅನ್ನುವಾಗ ಟಪ್ಪನೆ ಮೇಲಕ್ಕೆ ಹಾರುತ್ತದೆ. ಮತ್ತೆ ಇಳಿಯುತ್ತದೆ. ಮತ್ತೆ ಹಾರುತ್ತದೆ.

ಆ ಪ್ರೋಗ್ರಾಂ ಪ್ರತಿ ಸುತ್ತಿನಲ್ಲೂ, ಎಷ್ಟು ಜನರ ಭಾರವಿದೆ ಎಂದು ನೋಡಿಕೊಂಡು, ಕಾವಲಿಗೆ ಎಷ್ಟರಿಂದ ಎಣಿಸಬೇಕೆಂಬ ಸಂಖ್ಯೆಯನ್ನು ಮತ್ತೆ ಬರೆಯುತ್ತದೆ. ನನ್ನ ಹೊಸ ಕೋಡು ಏನು ಮಾಡುತ್ತದೆ? ಸಂಖ್ಯೆ ಬರೆದರೆ ಅಲ್ಲಿಂದಲೇ ಹೊಸ ಎಣಿಕೆ. ಕಾವಲಿನವನು ನಿದ್ದೆ ಹೋಗಿಲ್ಲ. ಎಣಿಕೆ ಮುಗಿಸುವ ಮೊದಲೇ ಯಾರೋ ಹೆಗಲು ತಟ್ಟಿ, ‘ಮೊದಲಿಂದ ಎಣಿಸು’ ಅನ್ನುತ್ತಿದ್ದಾರೆ. ಆ ಯಾರೋ ನಾನು.

ಜಗ್ಗುವುದು ನಿಂತದ್ದು ಅದಕ್ಕೇ. ತೊಟ್ಟಿಲಿಗೆ ಈಗ ಕಾವಲೇ ಇಲ್ಲ.

ಅಣ್ಣನಿಗೆ ಫೋನ್. ಎತ್ತಲಿಲ್ಲ. ಚಪ್ಪಲಿ ಮೆಟ್ಟಿದೆನೋ ಇಲ್ಲವೋ, ಸ್ಟೇಷನ್ನಿಗೆ ಓಡಿದೆ. ಟಿಕೆಟ್ ಕಿಟಕಿಯ ಮುಂದೆ ಉದ್ದ ಸಾಲು. ಅತ್ತಿಗೆ ಒಳಗಿನಿಂದ, ಯಾಕೆ ಮುಖ ಹೀಗಾಗಿದೆ ಎಂದು ಕೈಸನ್ನೆ ಮಾಡಿದಳು. ನಾನು ಸಾಲನ್ನೇ ನೋಡುತ್ತಿದ್ದೆ. ಒಬ್ಬಾಕೆ ಮಗುವಿನ ಮೂಗು ಒರೆಸುತ್ತಿದ್ದಳು.

ಅಣ್ಣ ನಂಬಲಿಲ್ಲ. ನಂಬಲು ಅವನಿಗೆ ಮನಸ್ಸಿರಲಿಲ್ಲ ಅನ್ನಬೇಕು. ನಿನ್ನ ಮೇಜಿನ ಮೇಲೆ ಆದದ್ದು ಇಲ್ಲೂ ಆಗಬೇಕೆಂದೇನಿಲ್ಲ ಎಂದ. ಈಗಲೇ ಹಳೆಯದು ಹಾಕು ಎಂದು ಅಂಗಲಾಚಿದೆ. ಜನ ಹತ್ತಿ ಕೂತಿರುವಾಗ ಕಂಪ್ಯೂಟರ್ ಮುಟ್ಟುವುದಿಲ್ಲ ಎಂದ. ಅದೂ ನಿಜವೇ. ನಾಳೆ ಬೆಳಿಗ್ಗೆ, ಬಾಗಿಲು ತೆರೆಯುವ ಮೊದಲು, ಖಾಲಿ ತೊಟ್ಟಿಲಲ್ಲಿ ನೋಡೋಣ ಎಂದು ಒಪ್ಪಿದ.

ಕೊನೆಯ ಡಬ್ಬಿ ಬರುವವರೆಗೂ ದಡದಲ್ಲಿ ನಿಂತಿದ್ದೆ. ನಾನು ನಿಂತು ಮಾಡುವುದೇನು? ಆದರೂ ಕಾಲು ಕದಲಲಿಲ್ಲ. ಪ್ರತಿ ಡಬ್ಬಿ ಒಳಗೆ ಬಂದಾಗ ಒಮ್ಮೆ ಉಸಿರು ಬಿಡುವುದು, ಮುಂದಿನದು ಹೊರಟಾಗ ಮತ್ತೆ ಹಿಡಿಯುವುದು.

ತಾತನಿಗೆ ಬರೆದಿದ್ದೇನೆ. ನಿಜವಾದ ಚಿಪ್ಪಿನಲ್ಲಿ, ಎಣಿಕೆಯ ನಡುವೆ ಹೊಸ ಸಂಖ್ಯೆ ಬರೆದರೆ ಏನಾಗುತ್ತದೆ?

ಮಾರ್ಚ್ 12

ಬ್ರೇಕ್ ಬೀಳಲಿಲ್ಲ.

ಕಂಟ್ರೋಲ್ ರೂಮು ಒಂದು ಅಡುಗೆಮನೆಯಷ್ಟಿದೆ. ಗ್ರೀಸಿನ ವಾಸನೆ. ಮೂಲೆಯಲ್ಲಿ ಧೂಳು ತಿಂದ ಕಂಪ್ಯೂಟರ್, ಮೇಲೆ ಅಣ್ಣನ ಟವೆಲ್. ಅದರೊಳಗೆ ನನ್ನ ಕೋಡು. ಕಿಟಕಿಯಾಚೆ ದೊಡ್ಡ ಚಕ್ರ. ಖಾಲಿ ಡಬ್ಬಿಗಳು ಹೊರಟವು. ಅಣ್ಣ ಒಂದು ಕೈ ಕೆಂಪು ಗುಂಡಿಯ ಮೇಲಿಟ್ಟು, ಇನ್ನೊಂದರಲ್ಲಿ ಸೆನ್ಸರಿನ ತಂತಿ ಕಿತ್ತ.

ಚಕ್ರ ತಿರುಗುತ್ತಲೇ ಇತ್ತು. ನಾನು ಅಣ್ಣನ ಮುಖ ನೋಡಿದೆ, ಅವನು ಚಕ್ರ ನೋಡಿದ. ತಿರುಗುತ್ತಲೇ ಇತ್ತು. ಕೊನೆಗೆ ಅವನೇ ಗುಂಡಿ ಒತ್ತಿದ. ಗುಂಡಿಗೆ ಕಂಪ್ಯೂಟರಿನ ಹಂಗಿಲ್ಲ. ಹಗ್ಗ ನರಳಿ ನಿಂತಿತು.

ಅಣ್ಣ ನೆಲದ ಮೇಲೇ ಕೂತುಬಿಟ್ಟ. ತನಗೆ ತಾನೇ ಅಂದುಕೊಂಡಂತೆ —

‘ನಿನ್ನೆ ಗಿರಣಿ ಪಾಳಿಯವ್ರು ಡಬ್ಬಿ ತುಂಬ ಹತ್ತಿದ್ರು ಕಣೇ.’

ಹಳೆಯ ಆವೃತ್ತಿ ಹಾಕಿದೆವು. ತಂತಿ ಕಿತ್ತೆವು. ಬ್ರೇಕ್ ಬಿತ್ತು. ಅತ್ತಿಗೆ ಕಿಟಕಿ ತೆರೆದಳು, ಜನ ಬಂದರು. ಅವಳಿಗೂ ಈಗ ಗೊತ್ತು. ನನ್ನನ್ನು ಮುಟ್ಟಿ ನೋಡಿ, ಜ್ವರ ಬಂದಿದೆ ಮನೆಗೆ ಹೋಗು ಎಂದಳು.

ತಾತನ ಉತ್ತರ ಬಂದಿದೆ. ನಿಜವಾದ ಚಿಪ್ಪಿನಲ್ಲಿ ಹೊಸ ಸಂಖ್ಯೆ ಬಾಗಿಲಲ್ಲಿ ಕಾಯುತ್ತದಂತೆ. ನಡೆಯುತ್ತಿರುವ ಎಣಿಕೆ ಮುಗಿದ ಮೇಲಷ್ಟೇ ಒಳಗೆ. ಕೈಪಿಡಿಯಲ್ಲಿ ಆ ಸಾಲು ಗೊಂದಲವಾಗಿದೆ, ಇಬ್ಬರೂ ಒಂದೇ ರೀತಿ ತಪ್ಪಾಗಿ ಓದಿದೆವು, ತಾವೂ ನೋಡಿಯೇ ಒಪ್ಪಿದ್ದಲ್ಲವೇ ಎಂದಿದ್ದಾರೆ. ಕೊನೆಯಲ್ಲಿ ಒಂದು ಪ್ರಶ್ನೆ: ‘ಇದು ನಿನಗೆ ಹೇಗೆ ಗೊತ್ತಾಯಿತು?’

ಏನೆಂದು ಬರೆಯಲಿ.

ಮಾರ್ಚ್ 13

ಹಳೆಯ ಆವೃತ್ತಿ, ಹಳೆಯ ರೋಗ. ಇವತ್ತು ನಡುನದಿಯಲ್ಲಿ ಸುಳ್ಳು ಬ್ರೇಕ್ ಬಿದ್ದು ಒಬ್ಬ ಅಜ್ಜಿಯ ಹಣೆ ಕಂಬಿಗೆ ಬಡಿದಿದೆ. ಮ್ಯಾನೇಜರ್ ಅಣ್ಣನನ್ನು ಎಲ್ಲರೆದುರು ಬೈದರಂತೆ. ಹೋದ ವಾರ ಬೆಣ್ಣೆಯ ಹಾಗೆ ಹೋಗುತ್ತಿತ್ತಲ್ಲ, ಹಾಗೇ ಮಾಡು ಎಂದರಂತೆ.

ಬೆಣ್ಣೆಯ ಹಾಗೆ!

ಇನ್ನೊಂದು ಭಯ ಬೆಳಿಗ್ಗೆಯಿಂದ ಬೆನ್ನು ಹತ್ತಿದೆ. ಅಣ್ಣ ಹಾಕಿದ್ದು ನನಗೆ ಗೊತ್ತಾಯಿತು, ಅವನು ಅಣ್ಣ ಆದ್ದರಿಂದ. ಬೇರೆ ಎಲ್ಲೆಲ್ಲಿ ಯಾರ್ಯಾರ ಅಣ್ಣಂದಿರು ಯಾವ್ಯಾವ ಯಂತ್ರಕ್ಕೆ ಹಾಕಿದ್ದಾರೋ? ಬಾಯ್ಲರ್ ಇರಬಹುದು. ಲಿಫ್ಟ್ ಇರಬಹುದು. ಹೊಸ ಆವೃತ್ತಿಯನ್ನು ಇಷ್ಟರಲ್ಲಿ ಎಷ್ಟು ಜನ ಇಳಿಸಿಕೊಂಡಿದ್ದಾರೋ ದೇವರಿಗೇ ಗೊತ್ತು. ಎಲ್ಲರೂ ಓದುವಂತೆ ಎಚ್ಚರಿಕೆ ಬರೆಯಬೇಕು. ಇವತ್ತೇ.

ಅಣ್ಣನಿಗೆ ಹೇಳಿದೆ. ಮೊದಲ ಸಲ ಅವನ ಕಣ್ಣಲ್ಲಿ ಹೆದರಿಕೆ ಕಂಡೆ. ನನಗಿದ್ದದ್ದು ಬೀಳುವ ಹೆದರಿಕೆ, ಅವನಿಗಿದ್ದದ್ದು ಸಿಕ್ಕಿಬೀಳುವ ಹೆದರಿಕೆ.

‘ರೋಪ್‌ವೇ ಅಂತ ಒಂದು ಮಾತು ಬರೆದ್ರೂ ನನ್ನ ಕಥೆ ಮುಗೀತು. ಪ್ರಪಂಚದಲ್ಲಿ ಇಂಥ ಕೆಲಸ ಮಾಡಿರೋ ರೋಪ್‌ವೇ ಎಷ್ಟಿರತ್ತೆ?’

‘ಬರೀದೆ ಹೋದ್ರೆ ಯಾರೂ ನಂಬಲ್ಲ ಅಣ್ಣ. ಚಿಕ್ಕ ದೋಷ ಅಂದ್ಕೊಂಡು ಬಿಟ್ಬಿಡ್ತಾರೆ.’

‘ನಿನಗೆ ನಾನು ಹೆಚ್ಚೋ, ಗುರುತಿಲ್ಲದೋರು ಹೆಚ್ಚೋ?’

ಅಪ್ಪ ಹೋದ ಮೇಲೆ ನನ್ನನ್ನು ಓದಿಸಿದವನು. ನನ್ನ ಮೊದಲ ಕಂಪ್ಯೂಟರ್ ಅವನೇ ಬಿಡಿಭಾಗ ಕೂಡಿಸಿ ಕಟ್ಟಿಕೊಟ್ಟದ್ದು. ಅಳು ಬಂತು. ಅತ್ತಿಗೆ ನಡುವೆ ಬಂದು, ಅವಳನ್ನು ಹಾಗೆ ಕೇಳಬೇಡಿ ಎಂದಳು.

ಮನೆಗೆ ಬಂದು ಬರೆದೆ. ‘ಈ ಆವೃತ್ತಿ ಬಳಸಬೇಡಿ. ಜನರನ್ನು ಹೊರುವ ಒಂದು ಯಂತ್ರದಲ್ಲಿ ಇದರಿಂದ ಬ್ರೇಕ್ ಬೀಳದೆ ಹೋದದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.’ ಯಾವ ಯಂತ್ರ, ಎಲ್ಲಿ — ಬರೆಯಲಿಲ್ಲ. ಕೆಳಗೆ ನನ್ನ ಹೆಸರು.

ಮಾರ್ಚ್ 15

ಅಣ್ಣ ತಾನಾಗಿಯೇ ಮ್ಯಾನೇಜರಿಗೆ ಎಲ್ಲ ಹೇಳಿದನಂತೆ. ಎಷ್ಟು ಕಷ್ಟಪಟ್ಟಿರಬೇಕು. ಅವರು ಕುರ್ಚಿಯಿಂದ ಏಳಲೂ ಇಲ್ಲವಂತೆ. ‘ನೀನು ಹೇಳ್ಲಿಲ್ಲ, ನಾನು ಕೇಳ್ಲಿಲ್ಲ’ ಎಂದು, ಜಗ್ಗದೆ ಇರುವುದನ್ನೇ ಸೋಮವಾರದೊಳಗೆ ಹಾಕು ಎಂದರಂತೆ.

ಇದನ್ನು ಕೇಳಿದಾಗ ಆದಷ್ಟು ಹೆದರಿಕೆ ಆ ಎಣಿಕೆ ಮೇಲಕ್ಕೆ ಹಾರಿದ್ದು ಕಂಡಾಗಲೂ ಆಗಿರಲಿಲ್ಲ. ಕೋಡು ತಪ್ಪಿದರೆ ತಿದ್ದಬಹುದು.

ಮಾರ್ಚ್ 17, ಸೋಮವಾರ

ನಾನೇ ಹೋದೆ. ಅಣ್ಣನಿಗೆ ಹೇಳದೆ.

ಮ್ಯಾನೇಜರ್ ಸೌಮ್ಯ ಮನುಷ್ಯ. ಕೂರಿಸಿ ನೀರು ಕೊಟ್ಟರು. ನಾನು ಯಾರೆಂದು ಹೇಳಿದೆ. ಸರಿಯಾದ ಆವೃತ್ತಿ ತಯಾರಾಗುವವರೆಗೆ ತೊಟ್ಟಿಲು ನಿಲ್ಲಿಸಿ ಎಂದೆ. ನಿಮ್ಮ ಅಣ್ಣನ ಗತಿ ಯೋಚಿಸಿದ್ದೀರಾ ಎಂದು ಕೇಳಿದರು, ಕರುಣೆಯಿಂದ ಕೇಳಿದ ಹಾಗೆ. ಬೇಕಾದಷ್ಟು ಯೋಚಿಸಿದ್ದೆ.

‘ನೀವು ನಿಲ್ಲಿಸ್ದೆ ಹೋದ್ರೆ ನಾನು ಹೊರಗೆ ಆ ಸಾಲಿನಲ್ಲಿ ನಿಂತ್ಕೊಂಡು ಒಬ್ಬೊಬ್ರಿಗೂ ಹೇಳ್ತೀನಿ ಸಾರ್. ಟಿಕೆಟ್ ತಗೊಳ್ಳೋಕೆ ಮುಂಚೆ.’

ಅವರು ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. ನಾನು ಮೊಣಕಾಲಿನ ಮೇಲೆ ಬ್ಯಾಗ್ ಒತ್ತಿ ಹಿಡಿದಿದ್ದೆ. ಆಮೇಲೆ ಅವರು ಬೆಲ್ ಒತ್ತಿ, ಬೋರ್ಡು ಹಾಕಿಸಿ ಎಂದರು.

‘ದುರಸ್ತಿಗಾಗಿ ಮುಚ್ಚಿದೆ.’ ನಾನು ಹೊರಬರುವಾಗಲೇ ಜನ ಗೊಣಗುತ್ತಿದ್ದರು. ಅತ್ತಿಗೆ ಕಿಟಕಿ ಎಳೆದುಕೊಂಡಳು. ಅಣ್ಣ ಮೆಟ್ಟಿಲ ಮೇಲೆ ನಿಂತಿದ್ದ. ನನ್ನ ಕಡೆ ನೋಡದೆ ಒಳಗೆ ಹೋದ.

ಮಾರ್ಚ್ 24

ಇಷ್ಟು ದಿನ ಬರೆಯಲಾಗಲಿಲ್ಲ. ಆಫೀಸು, ಕೋಡು, ಅಡುಗೆ, ಕೋಡು. ಇವರು ದಿನಾ ಬೇಕರಿಯಿಂದ ಬ್ರೆಡ್ ತಂದು ನನ್ನ ಮೇಜಿನ ಮೇಲಿಟ್ಟು ಸದ್ದಿಲ್ಲದೆ ಹೋಗುತ್ತಾರೆ. ಎಲ್ಲ ಹೇಳಿದ್ದೇನೆ. ‘ಮೊದ್ಲು ತಿನ್ನು’ ಎಂದರು. ಮಗಳಿಗೂ ಹೇಳಿದೆ. ಅವಳು ಬಸ್ಸಿನ ಬಗ್ಗೆ ಮತ್ತೆ ಮಾತೆತ್ತಿಲ್ಲ.

ತಾತನಿಗೂ ನಿಜ ಬರೆದೆ. ರೋಪ್‌ವೇ ಎಂದೇ ಬರೆದೆ, ಇದು ನಮ್ಮಿಬ್ಬರಲ್ಲೇ ಇರಲಿ ಎಂದೂ. ಅವರು ಮರುದಿನ ಬರೆದರು: ಅವರ ಹತ್ತಿರ ಆ ಹಳೆಯ ಚಿಪ್ಪು ನಿಜವಾದದ್ದೇ ಒಂದಿದೆಯಂತೆ, ಅಟ್ಟದಿಂದ ತೆಗೆದು ತಂತಿ ಹಚ್ಚಿ ಕೂತಿದ್ದಾರಂತೆ. ನಾನು ಕೇಳುವುದು, ಅವರು ಚಿಪ್ಪಿನಲ್ಲಿ ಮಾಡಿ ನೋಡಿ ಹೇಳುವುದು. ಎಣಿಕೆಯ ನಡುವೆ ಬರೆದರೆ? ಸೊನ್ನೆ ಮುಟ್ಟುವ ಕ್ಷಣಕ್ಕೇ ಬರೆದರೆ? ನಿಲ್ಲಿಸಿ ಮತ್ತೆ ಶುರುಮಾಡಿದರೆ? ಪ್ರತಿ ಉತ್ತರಕ್ಕೂ ಒಂದು ಟೆಸ್ಟ್. ತಡವಾದ ಗಂಟೆಗಳ ಗುಂಪನ್ನೂ ಬಿಡಿಸಿದ್ದಾಗಿದೆ. ಸುಳ್ಳು ಬ್ರೇಕ್ ಇನ್ನು ಬೀಳಬಾರದು. ಬೀಳಬೇಕಾದದ್ದು ಬೀಳಲೇಬೇಕು.

ಎಲ್ಲ ಹಸಿರು. ಆ ಹಸಿರು ನೋಡಿದರೆ ಈಗ ಮೈ ಜುಮ್ಮೆನ್ನುತ್ತದೆ. ಹೋದ ಸಲವೂ ಹೀಗೇ ಇತ್ತಲ್ಲ.

ಎಚ್ಚರಿಕೆ ಓದಿ ಗುರುತಿಲ್ಲದ ಒಬ್ಬಾಕೆ ಬರೆದಿದ್ದಾಳೆ. ಕೋಳಿಮರಿ ಸಾಕಣೆಯಲ್ಲಿ ಕಾವು ಪೆಟ್ಟಿಗೆಗಳಿಗೆ ಬಳಸುತ್ತಿದ್ದಳಂತೆ, ತೆಗೆದು ಹಾಕಿದಳಂತೆ. ಕೋಳಿಮರಿ. ಓದಿ ನಗು ಬಂತು, ನಗುತ್ತಲೇ ಅತ್ತೆ.

ಮಾರ್ಚ್ 27

ಪರೀಕ್ಷೆ. ಖಾಲಿ ತೊಟ್ಟಿಲು, ಆಮೇಲೆ ಮರಳಿನ ಚೀಲ ತುಂಬಿದ ತೊಟ್ಟಿಲು. ತಂತಿ ಕಿತ್ತಾಗಲೆಲ್ಲ ಬ್ರೇಕ್ ಬಿತ್ತು. ಕೀಳದೆ ಇದ್ದಾಗ ಬೀಳಲಿಲ್ಲ. ಕಂಪ್ಯೂಟರಿಗೆ ಬೇಕೆಂದೇ ಭಾರದ ಕೆಲಸ ಕೊಟ್ಟು ಸುಸ್ತು ಮಾಡಿ ನೋಡಿದೆವು. ಆಗಲೂ ಸರಿಯೇ.

ಅಣ್ಣ ಇಷ್ಟು ದಿನಕ್ಕೆ ಮಾತಾಡಿದ. ಕೆಲಸದ ಮಾತಷ್ಟೇ — ಆ ಸ್ಕ್ರೂಡ್ರೈವರ್ ಕೊಡು, ಇದು ಹಿಡ್ಕೋ. ಹೊರಡುವಾಗ ನನ್ನ ತಲೆಗೆ ಅಂಟಿದ್ದ ಜೇಡರ ಬಲೆ ಬಿಡಿಸಿದ.

ಮ್ಯಾನೇಜರ್ ಬೇರೆ ಕಡೆ ಹೊಸ ಕಂಟ್ರೋಲರಿಗೆ ಆರ್ಡರ್ ಕೊಟ್ಟಿದ್ದಾರಂತೆ. ಬರಲು ತಿಂಗಳುಗಳೇ ಬೇಕು. ಅಲ್ಲಿಯವರೆಗೆ ಮುಚ್ಚಿಡಲು ಸಾಧ್ಯವಿಲ್ಲ, ನಿಮ್ಮದೇ ನಡೆಯುತ್ತದೆ ಎಂದರು. ನಾನು ಬೇಡ ಎಂದೆ. ಆಸ್ಪತ್ರೆಗೆ ಬರುವವರು ಸೇತುವೆ ಸುತ್ತುತ್ತಿದ್ದಾರೆ, ಮೊನ್ನೆ ಒಂದು ಹೆರಿಗೆ ಬಸ್ಸಿನಲ್ಲೇ ಆಯಿತು, ಗೊತ್ತಾ ಎಂದರು. ಗೊತ್ತಿರಲಿಲ್ಲ.

ಸೋಮವಾರ ತೆರೆಯುತ್ತಾರೆ.

ಮಾರ್ಚ್ 31

ಮೊದಲ ಡಬ್ಬಿಯಲ್ಲಿ ನಾನೇ ಹೋದೆ. ಜನರನ್ನು ಕಳಿಸಿ ದಡದಲ್ಲಿ ನಿಲ್ಲುವುದು ಇನ್ನು ನನ್ನಿಂದಾಗದು. ಆ ದಡ ಮುಟ್ಟಿದೆ. ಅಲ್ಲಿ ಟೀ ಕುಡಿದು ಅದರಲ್ಲೇ ವಾಪಸ್ಸು.

ಇನ್ನು ದಿನಾ ಹೋಗುತ್ತೇನೆ. ಮಗಳು ಇನ್ನೂ ಬಸ್ಸಿನಲ್ಲೇ. ಅದು ಮೋಸವಲ್ಲವೇ? ಮೋಸವೇ. ಆದರೂ.

ಏಪ್ರಿಲ್ 9. ಮಧ್ಯಾಹ್ನ, ತೊಟ್ಟಿಲೊಳಗೆ

ನಿಂತಿದೆ.

ನಡುನದಿ. ಜಗ್ಗಿದ ರಭಸಕ್ಕೆ ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದೆವು. ಈಗ ಡಬ್ಬಿ ಸುಮ್ಮನೆ ತೂಗುತ್ತಿದೆ. ನನ್ನ ಜೊತೆ ಪೈಪು ಹಿಡಿದ ಒಬ್ಬ ಪ್ಲಂಬರ್, ಗಿರಣಿಯ ಇಬ್ಬರು ಹೆಂಗಸರು, ಕೈಗೂಸಿನ ತಾಯಿ. ಯಾರಿಗೂ ಪೆಟ್ಟಾಗಿಲ್ಲ. ಕೂಸು ಅಳುತ್ತಿದೆ. ಪ್ಲಂಬರ್ ಪೈಪಿನ ತುದಿಯಿಂದ ಅದಕ್ಕೆ ಪೀಪಿ ಊದಿ ತೋರಿಸಿದ. ಒಂದು ಕ್ಷಣ ಸುಮ್ಮನಾಗಿ ಮತ್ತೆ ಶುರುಮಾಡಿತು.

ಬರೆಯುತ್ತಿದ್ದರೆ ಕೆಳಗೆ ನೋಡುವುದು ತಪ್ಪುತ್ತದೆ.

ಸುಳ್ಳು ಬ್ರೇಕೋ, ನಿಜದ್ದೋ? ಸುಳ್ಳಾದರೆ ನನ್ನ ಕೋಡು ಇನ್ನೂ ಸರಿಯಾಗಿಲ್ಲ. ನಿಜವಾದರೆ — ಏನೋ ಮುರಿದಿದೆ, ನಾವು ಅದಕ್ಕೇ ನೇತಾಡುತ್ತಿದ್ದೇವೆ. ಯಾವುದಾಗಲಿ ಎಂದು ಬೇಡಿಕೊಳ್ಳಲಿ?

ಗಿರಣಿಯಾಕೆ ಕೇಳಿದಳು, ಏನಮ್ಮ ಬರೀತಿದ್ದೀರಿ ಎಂದು. ಸಾಮಾನಿನ ಪಟ್ಟಿ ಎಂದೆ.

ಅಣ್ಣನಿಗೆ ಎಷ್ಟು ಸಲ ಮಾಡಿದರೂ ಬ್ಯುಸಿ. ಗಾಳಿ ಜೋರಾಗುತ್ತಿದೆ. ಹಗ್ಗ ಕಿರ್ ಎನ್ನುತ್ತದೆ, ನಿಲ್ಲುತ್ತದೆ. ಕೂಸಿನ ತಾಯಿ ನನ್ನ ಮಣಿಕಟ್ಟು ಹಿಡಿದುಕೊಂಡಿದ್ದಾಳೆ, ನನ್ನ ಪರಿಚಯವೇ ಇಲ್ಲದೆ. ಅವಳ ಕೈ ತಣ್ಣಗಿದೆ. ನನ್ನದು ಅದಕ್ಕಿಂತ ತಣ್ಣಗಿರಬೇಕು. ಇದು ನಾನು ಬರೆದದ್ದು ಎಂದು ಇವಳಿಗೆ ಹೇಳಿದರೆ ಕೈ ಬಿಡುತ್ತಾಳಾ, ಇನ್ನೂ ಗಟ್ಟಿಯಾಗಿ ಹಿಡಿಯುತ್ತಾಳಾ?

ಅಣ್ಣ ಫೋನ್ ಮಾಡಿದ. ಏದುಸಿರು. ನೀನು ಯಾವ ಡಬ್ಬಿಯಲ್ಲಿದ್ದೀಯ ಎಂದು ಮೊದಲು ಕೇಳಿದ. ನಡುವಿನದರಲ್ಲಿ ಎಂದೆ. ಸುಳ್ಳು ಬಿತ್ತಾ ಅಣ್ಣ ಎಂದೆ.

‘ಸುಳ್ಳಲ್ಲ ಕಣೇ. ನಿಜವಾದ್ದೇ. ಸೆನ್ಸರ್ ಕೂತಿದ್ದ ಪಟ್ಟಿ ತುಂಡಾಗಿ ಬಿದ್ದಿದೆ, ಚಕ್ರದ ವೇಗ ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಆ ಕಡೆ ಗಿರಣಿ ಜನ ಭರ್ತಿ, ಈ ಕಡೆ ಖಾಲಿ. ಆ ಭಾರಕ್ಕೆ ಹಗ್ಗ ಹಿಡಿತ ತಪ್ಪಿ ಓಡೋಕೆ ಶುರುವಾಗಿತ್ತು. ನಿಲ್ಸಿದ್ದು ನಿನ್ನ ಕೋಡೇ.’

ಡೀಸೆಲ್ ಎಂಜಿನ್ ಹಚ್ಚಿ ಮೆಲ್ಲಗೆ ಒಳಕ್ಕೆ ಎಳೆದುಕೊಳ್ಳುತ್ತೇವೆ, ಎಲ್ಲರೂ ಕೂತು ಕಂಬಿ ಹಿಡಿದುಕೊಳ್ಳಿ, ಹೆದರಬೇಡ ಎಂದ.

ಎಲ್ಲರಿಗೂ ಹೇಳಿದೆ. ನೆಲದ ಮೇಲೆ ಕೂತಿದ್ದೇವೆ. ಪ್ಲಂಬರ್ ಪೈಪುಗಳನ್ನು ಸೀಟಿನ ಕೆಳಗೆ ಒತ್ತಿ ಕಾಲು ಅಡ್ಡ ಇಟ್ಟಿದ್ದಾನೆ. ಕೂಸು ನನ್ನ ತೊಡೆಯ ಮೇಲೆ, ಪುಸ್ತಕದ ಅಂಚು ಚೀಪುತ್ತಿದೆ.

ದೂರದಲ್ಲಿ ಎಂಜಿನ್ ಸದ್ದು. ಹಿಡಿಯಿತು... ಇಲ್ಲ, ಆರಿತು. ಮತ್ತೆ. ಹಿಡಿಯಿತು.

ಅಲುಗಿತು. ಹಿಂದಕ್ಕೆ ಹೋಗುತ್ತಿದ್ದೇವೆ, ನಮ್ಮ ದಡಕ್ಕೆ. ಬಹಳ ಮೆಲ್ಲಗೆ. ಎರಡೂ ಕೈ ಬೇಕು, ಒಂದು ಕಂಬಿಗೆ, ಒಂದು ಕೂಸಿಗೆ, ಆಮೇಲೆ ಬರೆಯುತ್ತೇನೆ.